ಕಚ್ಚಾ ಅಳತೆ

ಮೊದಲು ನಮಸ್ಕಾರ. ನಮ್ಮ ದೇವರಮನೆಯ ಗೂಡಿನಲ್ಲಿ ನಿಂತು ಮೂರು ತಲೆಮಾರಿನ ಹಾಡುಗಳನ್ನೂ ಜಗಳಗಳನ್ನೂ ಒಂದೇ ಮುಖದಿಂದ ಕೇಳಿಸಿಕೊಂಡ ವಿಠ್ಠಲನಿಗೆ. ಅಕ್ಷರವನ್ನೂ ಅದರ ಅರ್ಥವನ್ನೂ ಕೊಟ್ಟು, ನನಗೆ ತಂದೆಯೂ ಗುರುವೂ ಆಗಿದ್ದ ಅಪ್ಪನಿಗೆ. ಕಬ್ಬಿಣಕ್ಕೆ, ಅದನ್ನು ಮೆದುವಾಗಿಸುವ ಬೆಂಕಿಗೆ, ಆ ಬೆಂಕಿಯ ಮುಂದೆ ಕುಳಿತು ಕಣ್ಣು ಸವೆಸಿದ ಕಸುಬುದಾರರಿಗೆ. ಸಮನಾಗಿ ಹೆಜ್ಜೆ ಇಡಲಾರದ ನನ್ನನ್ನು ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ ಎರಡು ಗಾಲಿಗಳಿಗೂ ನಮಸ್ಕಾರ. ಕೃತಜ್ಞತೆಯನ್ನು ಮೊದಲೇ ಹೇಳಿ ಮುಗಿಸುತ್ತಿದ್ದೇನೆ. ಮುಂದೆ ಹೇಳಬೇಕಾದದ್ದು ನಾಚಿಕೆಯ ಮಾತು. ಅದು ಬಾಯಿಗೆ ಬಂದ ಮೇಲೆ ಕೃತಜ್ಞತೆಗೆ ಸ್ವರ ಸರಿಯಾಗಿ ಹೊರಡುವುದಿಲ್ಲ.

ನಮ್ಮ ಮನೆ ಇದ್ದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ರಸ್ತೆಗೆ ಮುಖ ಮಾಡಿದ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ನಡುಮನೆ, ಅದರ ಎಡಕ್ಕೆ ದೇವರಮನೆ, ಬಲಕ್ಕೆ ಅಡುಗೆಮನೆ, ತೀರ ಹಿಂದೆ ಬಚ್ಚಲು. ಹೊರಗಿನವರು ಎಲ್ಲಿಯವರೆಗೆ ಬರಬಹುದೆಂದು ಯಾರೂ ಗೆರೆ ಎಳೆದಿರಲಿಲ್ಲ. ಆದರೆ ಬರುವವರಿಗೆಲ್ಲ ಅದು ಗೊತ್ತಿತ್ತು. ಬಂಧುಗಳು ನಡುಮನೆಯವರೆಗೆ, ಅಪ್ಪನ ಶಿಷ್ಯರು ಪಡಸಾಲೆಯವರೆಗೆ, ಹಾಲಿನವನು ಕಟ್ಟೆಯವರೆಗೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಎರಡು ಹಗ್ಗಗಳಿಂದ ಇಳಿಬಿಟ್ಟ ಬಿದಿರಿನ ಗಳವಿತ್ತು. ಅಜ್ಜಿಯ ಮಡಿಸೀರೆಯೂ ಅಪ್ಪನ ಪೂಜೆಯ ಪಂಚೆಯೂ ಒಣಗುತ್ತಿದ್ದುದು ಅದರ ಮೇಲೆ. ಒಮ್ಮೆ ಹಿಂಡಿ ಹಾಕಿದ ಮೇಲೆ ಅವನ್ನು ಸ್ನಾನವಾಗದ ಕೈ ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ನೀರಿಗೆ. ಹತ್ತಿಗೆ ಮೈಲಿಗೆ ಉಂಟು, ರೇಷ್ಮೆಗೂ ಉಣ್ಣೆಗೂ ಇಲ್ಲ ಎಂಬುದು ಅಜ್ಜಿಯ ಶಾಸ್ತ್ರ. ಆ ಗಳವನ್ನು ಕಾಯುವುದರಲ್ಲೇ ಅವಳ ಅರ್ಧ ದಿನ ಹೋಗುತ್ತಿತ್ತು. ನಕ್ಕು ಬರೆಯುತ್ತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಆ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾಗಿದ್ದುದು ಆ ಬಿದಿರೊಂದೇ.

ಅಪ್ಪ ಶಾಲೆಯಲ್ಲಿ ಸಂಸ್ಕೃತದ ಮಾಸ್ತರರು. ಊಟಕ್ಕೆ ಕುಳಿತಾಗಲೂ ಅವರ ಪಾಠ ನಿಲ್ಲುತ್ತಿರಲಿಲ್ಲ. ಎಲೆಯ ತುದಿಗೆ ಉಪ್ಪು, ಚಟ್ನಿಪುಡಿ, ಕೋಸಂಬರಿ ಬೀಳುತ್ತಿದ್ದಂತೆ ನನ್ನತ್ತ ಒಂದು ಪ್ರಶ್ನೆಯೂ ಬೀಳುತ್ತಿತ್ತು. ನನ್ನ ಹದಿನಾರನೆಯ ವಯಸ್ಸಿನಲ್ಲಿ ಅವರು ಹೇಳಿಕೊಡುತ್ತಿದ್ದುದು ಪ್ರಮಾಣಗಳ ವಿಚಾರ. ಕಣ್ಣಾರೆ ಕಂಡದ್ದು ಒಂದು ಪ್ರಮಾಣ. ಬಚ್ಚಲಿನಿಂದ ಹೊಗೆ ಬಂದರೆ ಹಂಡೆಯ ಕೆಳಗೆ ಬೆಂಕಿ ಇದೆಯೆಂದು ತರ್ಕಿಸುವುದು ಇನ್ನೊಂದು. ನಂಬಿಗಸ್ತರ ಬಾಯಿಂದ ಕೇಳಿದ ಮಾತು, ಆಪ್ತವಾಕ್ಯ, ಮೂರನೆಯದು. ಆಪ್ತರೆಂದರೆ ಯಾರು ಎಂದು ನಾನು ಕೇಳಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬಲ್ಲವರು, ಬಲ್ಲದ್ದನ್ನು ಹಾಗೆಯೇ ಹೇಳುವವರು ಎಂದು ಅಪ್ಪ ಉತ್ತರ ಕೊಟ್ಟು, ಹುಳಿ ಬಡಿಸುತ್ತಿದ್ದ ಅವ್ವನ ಮುಂದೆ ನನ್ನನ್ನು ತೋರಿಸಿ, ‘ನಮ್ಮ ಸುಧಾನಂಥವರು’ ಎಂದಿದ್ದರು. ಆ ಮಾತು ನನಗೆ ಅಂದಿನ ಊಟಕ್ಕಿಂತ ರುಚಿಯಾಗಿತ್ತು.

ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಮೂರು ವರ್ಷದವಳಿದ್ದಾಗ ಬಂದ ಜ್ವರವೊಂದು ಹೋಗುವಾಗ ಆ ಕಾಲಿನ ಬಲವನ್ನು ಒಯ್ದಿತ್ತು. ನಡೆದರೆ ಕಾಲು ಹೊರಕ್ಕೆ ತಿರುಗಿ ಬೀಳುತ್ತಿತ್ತು. ಮನೆಯಲ್ಲಿ ‘ಕುಂಟು’ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ‘ಸುಧಾನ ಕಾಲು’ ಎಂದು ದನಿ ಇಳಿಸಿ ಹೇಳುತ್ತಿದ್ದರು, ಸತ್ತವರ ಹೆಸರು ಹೇಳುವಂತೆ. ಪಾದದವರೆಗೆ ಇಳಿಯುವ ಲಂಗವನ್ನು ಬಿಟ್ಟು ಬೇರೇನನ್ನೂ ನಾನು ಉಡುತ್ತಿರಲಿಲ್ಲ. ಮ್ಯಾಟ್ರಿಕ್ ಮುಗಿದು ಕಾಲೇಜಿನ ಮಾತು ಬಂದಾಗ, ಊರಿನ ಆ ತುದಿಗೆ ದಿನಾ ನಡೆದು ಹೋಗುವುದು ಹೇಗೆ ಎಂಬುದೇ ಮನೆಯ ಜಗಳವಾಯಿತು. ಓದಿದ್ದು ಸಾಕು ಎಂದು ಅಜ್ಜಿ. ಓದು ಸಾಕಾಗುವುದು ಓದುವವರಿಗೆ, ನೋಡುವವರಿಗಲ್ಲ ಎಂದು ಅಪ್ಪ. ಒಂದು ವಾರ ಇಬ್ಬರೂ ಅವ್ವನ ಮುಖಾಂತರವೇ ಮಾತಾಡಿದರು.

ದಾರಿ ತೋರಿಸಿದವನು ಮುಗದದಿಂದ ದಿನಾ ಸೈಕಲ್ಲಿನ ಮೇಲೆ ಹಾಲು ತರುತ್ತಿದ್ದ ಬಸಪ್ಪ. ಎರಡೂ ಕಡೆ ಎರಡೆರಡು ಕ್ಯಾನು ತೂಗಿದರೂ ಅವನ ಸೈಕಲ್ಲು ಅಲುಗುತ್ತಿರಲಿಲ್ಲ. ಅದು ಅಂಗಡಿಯಿಂದ ಕೊಂಡದ್ದಲ್ಲ. ಹಳೇಹುಬ್ಬಳ್ಳಿಯ ಮೌನೇಶಪ್ಪ ಎಂಬವರು ಕೊಳವೆಗಳನ್ನು ಕತ್ತರಿಸಿ, ಹಿತ್ತಾಳೆ ಕರಗಿಸಿ ಬೆಸೆದು, ಹೊರುವವನ ಮೈಗೂ ಹೊರೆಗೂ ತಕ್ಕಂತೆ ಕಟ್ಟಿಕೊಟ್ಟ ಚೌಕಟ್ಟು. ಅಪ್ಪ ಅದರ ಬಗ್ಗೆ ವಿಚಾರಿಸಿದಾಗ ಬಸಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಅಂಗಡ್ಯಾಗಿನ ಸೈಕಲ್ಲಿಗೆ ನಾವು ಹೊಂದ್ಕೋಬೇಕ್ರಿ ಮಾಸ್ತರ್ರ. ಅಂವ ಮಾಡಿದ್ದು ನಮಗ ಹೊಂದ್ಕೋತೈತಿ. ನನ್ನ ಹೇಣ್ತಿಕಿಂತ ಛಲೋ ಹೊಂದೇತಿ.”

ಕಟ್ಟೆಯ ಮೇಲಿದ್ದ ಅಪ್ಪ ನಕ್ಕರು. ಒಳಗೆ ಅಜ್ಜಿಯೂ ನಕ್ಕಳು. ಆ ನಗೆಯೊಳಗೇ ಸೈಕಲ್ಲಿಗೆ ಒಪ್ಪಿಗೆ ದೊರೆಯಿತು.

ಮೌನೇಶಪ್ಪನವರು ಒಂದು ಬೆಳಿಗ್ಗೆ ಬಂದರು. ತೆಳ್ಳಗಿನ ಮೈ, ತೊಳೆದ ಬಿಳಿ ಅಂಗಿ, ಹಣೆಗೆ ವಿಭೂತಿ, ಅಂಗಿಯ ಕೊರಳಲ್ಲಿ ಜನಿವಾರದ ಎಳೆ. ಸ್ನಾನ ಮಾಡಿ, ಸುತ್ತಿಗೆ ಇಕ್ಕಳಗಳಿಗೆ ಹೂವೇರಿಸದೆ ಅವರು ಬೆಂಕಿ ಹೊತ್ತಿಸುವುದಿಲ್ಲವೆಂದು ಬಸಪ್ಪ ಹೇಳಿದ್ದ. ಅಜ್ಜಿಗೆ ಅದು ಯಾವುದೂ ಲೆಕ್ಕಕ್ಕಿರಲಿಲ್ಲ. ಅವರಿಗೆ ಚಹಾ ಕೊಟ್ಟದ್ದು ಕಟ್ಟೆಯ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದ ಲೋಟದಲ್ಲಿ. ಅವರು ಕುಡಿದು, ತಾವೇ ತೊಳೆದು, ಗೂಡಿನಲ್ಲಿ ಬೋರಲು ಇಟ್ಟರು. ಕೇಳದೆಯೇ ಅವರಿಗೆ ಅದು ಗೊತ್ತಿತ್ತು ಎಂಬುದು ಅಂದು ನನಗೆ ಸಹಜವಾಗಿ ಕಂಡಿತು. ನನ್ನ ನಾಚಿಕೆಗಳನ್ನು ಸಾಲಾಗಿ ನಿಲ್ಲಿಸಿದರೆ ಇದು ಎರಡನೆಯದು.

ಅಳೆಯಲು ಅವರು ತಂದದ್ದು ಟೇಪಲ್ಲ, ಹೊಸದಾಗಿ ಹೊಸೆದ ಹತ್ತಿಯ ದಾರ. ಒಬ್ಬೊಬ್ಬರಿಗೆ ಒಂದೊಂದು ದಾರ. ಸೊಂಟದಿಂದ ಹಿಮ್ಮಡಿಯವರೆಗೆ ಒಂದು ಗಂಟು, ಇನ್ನೊಂದು ಕಾಲಿಗೆ ಇನ್ನೊಂದು ಗಂಟು, ಹೆಗಲಿನಿಂದ ಮುಂಗೈಗೆ ಮೂರನೆಯದು. ಅಂಕಿ ಬರೆದುಕೊಂಡರೆ ಮೂರು ಬರೆದದ್ದು ಎಂಟಾಗಿ ಕಂಡೀತು, ಗಂಟು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರಂತೆ. ಅವರ ಕುಲುಮೆಯ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ದಾರ, ದಾರಕ್ಕೊಬ್ಬ ಮನುಷ್ಯ. ಬೆಳೆದ ಹುಡುಗಿಯ ಕಾಲನ್ನು ತಾವು ಅಳೆಯುವುದು ಮರ್ಯಾದೆಯಲ್ಲವೆಂದು ದಾರವನ್ನು ಕಟ್ಟೆಯ ಮೇಲಿಟ್ಟು, ಹೇಗೆ ಹಿಡಿಯಬೇಕು, ಎಲ್ಲಿ ಗಂಟು ಹಾಕಬೇಕು ಎಂದು ಅವ್ವನಿಗೆ ಎರಡು ಸಲ ತಿಳಿಸಿ ಹೇಳಿದರು. ನಾನು ಪಡಸಾಲೆಯಿಂದ ಬಾಗಿಲಿಗೆ ನಡೆದು ಬಂದದ್ದನ್ನು ಒಮ್ಮೆ ನೋಡಿದ್ದರು, ಅಷ್ಟೆ. ಮುಗದಕ್ಕೆ ಹೋಗಿ ಹಾಲಿನವರ ಸೈಕಲ್ಲುಗಳನ್ನು ರಿಪೇರಿ ಮಾಡಿ, ಎರಡು ದಿನ ಬಿಟ್ಟು ದಾರವನ್ನು ಒಯ್ಯುವುದಾಗಿ ಹೇಳಿ ಹೋದರು.

ಆ ಮಧ್ಯಾಹ್ನ ಹಿತ್ತಲಲ್ಲಿ ಅವ್ವ ನನ್ನನ್ನು ನಿಲ್ಲಿಸಿ, ಲಂಗವನ್ನು ಮೊಣಕಾಲಿಗೆ ಎತ್ತಿಸಿ ಅಳತೆ ಹಿಡಿದಳು. ಪಕ್ಕದ ಮನೆಯ ಸೊಸೆಯಂದಿರು ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದರು. ಅವರು ನೋಡಿದರೋ ಇಲ್ಲವೋ ತಿಳಿಯದು. ಒಗೆಯುವ ಸದ್ದು ಮಾತ್ರ ನಿಂತಿತು. ಎರಡು ಕಾಲಿನ ಎರಡು ಗಂಟುಗಳ ನಡುವಿನ ಅಂತರವನ್ನು ನೋಡಿ ಅವ್ವನ ಕಣ್ಣುಗಳು ತುಂಬಿದವು. ನಾನು ಲಂಗವನ್ನು ಇಳಿಬಿಟ್ಟು ಒಳಗೆ ಓಡಿದೆ. ಓಡಿದೆ ಎಂದು ಬರೆದರೂ, ನಾನು ಓಡುವುದು ಹೇಗಿರುತ್ತಿತ್ತೆಂದು ಓದುವವರು ಊಹಿಸಬಹುದು.

ಅವ್ವ ದಾರವನ್ನು ಅಡುಗೆಮನೆಯ ಬಾಗಿಲ ಗೂಟಕ್ಕೆ ತೂಗುಹಾಕಿ ಕೆಲಸಕ್ಕೆ ಹೋದಳು. ಮರುದಿನ ಬೆಳಿಗ್ಗೆ ಅಜ್ಜಿ ಗಳದಿಂದ ಮಡಿಸೀರೆಯನ್ನು ಇಳಿಸುವಾಗ ಅದರ ಸೆರಗು ಆ ದಾರಕ್ಕೆ ತಾಕಿತು. ಮುಂದಿನದನ್ನು, ಶಾಲೆಗೆ ಹೋಗಿದ್ದ ಅಪ್ಪನನ್ನು ಬಿಟ್ಟು, ನಮ್ಮ ಬೀದಿಯೇ ಕೇಳಿತು. ಕುಲುಮೆಯವನ ಕೈಯ ಹತ್ತಿ ಅಡುಗೆಮನೆಯ ಬಾಗಿಲಿಗೆ ಹೇಗೆ ಬಂತು, ಯಾರ ತೌರಮನೆಯ ಕಲಿಕೆ ಇದು ಎಂದೆಲ್ಲ ಆದ ಮೇಲೆ ಅದನ್ನು ಬೀದಿಗೆ ಎಸೆಯಲು ಅಜ್ಜಿ ಹೇಳಿದಳು. ಅದು ಸುಧಾನ ಕಾಲಿನ ಅಳತೆ ಎಂದು ಅವ್ವ ಮೆಲ್ಲಗೆ ಹೇಳಿದಾಗ ಅವಳ ದನಿ ಇಳಿಯಿತು.

“ಹಂಗಾರ ನೀರಾಗ ಎದ್ದಿ ಹಾಕ್ರಿ. ಮೂರು ಸಲ ಎದ್ದಿದ್ರ ಅಳತಿಗೂ ಮಡಿ ಆಗ್ತದ.”

ಅದ್ದಿದವಳು ನಾನು. ಹಂಡೆಯ ಕುದಿನೀರಿನಲ್ಲಿ ಮೂರು ಸಲ ಅದ್ದಿ, ಹಿಂಡಿ, ಹಿತ್ತಲ ಬಿಸಿಲಿಗೆ ಹಾಕಿದೆ. ಮಧ್ಯಾಹ್ನ ತೆಗೆಯಲು ಹೋದಾಗ ಅದು ತುಸು ದಪ್ಪವಾಗಿ, ಬಿಗಿಯಾಗಿ ಕಂಡಿತು. ಯಾಕೋ ಅನುಮಾನ ಬಂದು ತುದಿಯನ್ನು ಸೊಂಟಕ್ಕೆ ಹಿಡಿದು ಬಲಗಾಲಿನುದ್ದಕ್ಕೂ ಇಳಿಬಿಟ್ಟೆ. ನಿನ್ನೆ ಹಿಮ್ಮಡಿಗೆ ತಾಕಿದ್ದ ಗಂಟು ಇಂದು ಹರಡಿನ ಮೂಳೆಯ ಮೇಲೆಯೇ ನಿಂತಿತು. ಹೊಸ ಹತ್ತಿ ಕುದಿನೀರು ಕಂಡು ಕುಗ್ಗಿತ್ತು.

ಆ ಕ್ಷಣವನ್ನು ನಾನು ಸಾವಿರ ಸಲ ನೋಡಿದ್ದೇನೆ. ಹೇಳಬೇಕೆಂದು ಗೊತ್ತಿತ್ತು. ಹೇಳಿದರೆ ಅವ್ವನಿಗೆ ಮತ್ತೆ ಬೈಗುಳ ಬೀಳುತ್ತದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ನಿಜ ಇಷ್ಟೇ: ಹೇಳಿದರೆ ಮತ್ತೊಮ್ಮೆ ಹಿತ್ತಲಲ್ಲಿ ಲಂಗ ಎತ್ತಿ ನಿಲ್ಲಬೇಕು, ಗೋಡೆಯಾಚೆಯ ಒಗೆಯುವ ಸದ್ದು ಮತ್ತೊಮ್ಮೆ ನಿಲ್ಲುತ್ತದೆ. ದಾರವನ್ನು ಸುರುಳಿ ಸುತ್ತಿ ಕಟ್ಟೆಯ ಗೂಡಿನಲ್ಲಿಟ್ಟೆ. ಮರುದಿನ ಮೌನೇಶಪ್ಪನವರು ಒಯ್ದರು.

ಒಂದು ತಿಂಗಳಿಗೆ ಸೈಕಲ್ಲು ಬಂತು. ಹಸಿರು ಬಣ್ಣ, ಬೆಸುಗೆಯ ಜಾಗದಲ್ಲಿ ಉಬ್ಬಿಲ್ಲ ತಗ್ಗಿಲ್ಲ, ಎಡಗಾಲಿನ ಪೆಡಲಿಗೆ ಚರ್ಮ ಹೊದಿಸಿದ ಮರದ ಮಣೆ, ಹ್ಯಾಂಡಲಿನ ಕೆಳಗಿನ ಕೊಳವೆಗೆ ಅವರ ಹೆಸರು ಕೊರೆದ ಪುಟ್ಟ ಹಿತ್ತಾಳೆಯ ತಗಡು. ತಾವು ಕಟ್ಟಿದ್ದಕ್ಕೆಲ್ಲ ಆ ತಗಡನ್ನು ಹಾಕುತ್ತಿದ್ದರು. ತಪ್ಪಿದರೆ ಜನ ಯಾರನ್ನು ಬೈಯಬೇಕೆಂದು ಗೊತ್ತಿರಲಿ ಎನ್ನುವರಂತೆ. ಹಾಲಿನ ಗಾಡಿಯಲ್ಲಿ ಅದನ್ನು ಕಳಿಸಿ, ತಾವು ಮರುದಿನ ಬರುವುದಾಗಿ ಹೇಳಿದ್ದರು. ಅಪ್ಪನಿಗೆ ಕಾಯುವ ತಾಳ್ಮೆ ಇರಲಿಲ್ಲ. ಬೀದಿಯ ಜನವೆಲ್ಲ ಕಟ್ಟೆಗಳ ಮೇಲೆ ನಿಂತು ನೋಡುತ್ತಿರಲು, ಹಿಂದಿನಿಂದ ಹಿಡಿದುಕೊಂಡು ನನ್ನನ್ನು ನಡೆಸಿದರು. ನೆಟ್ಟಗೆ ಹೋಗುವಾಗ ಹೇಗೋ ಹೋಯಿತು. ತಿರುವಿನಲ್ಲಿ ಹ್ಯಾಂಡಲು ಹೊರಳಿಸಿದ ಕೂಡಲೇ, ಹೊರಕ್ಕೆ ಬೀಳುವ ನನ್ನ ಎಡಮೊಣಕಾಲು ಅದಕ್ಕೆ ಸಿಕ್ಕಿ ಸೈಕಲ್ಲಿನೊಂದಿಗೆ ಗಟಾರಿಗೆ ಬಿದ್ದೆ. ಬೀದಿ ನಕ್ಕಿತು. ಲಂಗ ಹರಿದಿತ್ತು. ಆಸನವನ್ನು ಏರಿಸಿ ನೋಡಿದರು. ಕಾಲಿಗೇನೋ ಜಾಗ ಸಿಕ್ಕಿತು, ಆದರೆ ಆಸನಕ್ಕೂ ಹ್ಯಾಂಡಲಿಗೂ ನಡುವಿನ ಇಕ್ಕಟ್ಟು ಹಾಗೆಯೇ ಉಳಿಯಿತು. ಇನ್ನೆರಡು ಸಲ ಬಿದ್ದೆ.

ಮರುದಿನ ಮೌನೇಶಪ್ಪನವರು ದಾರದೊಂದಿಗೆ ಬಂದರು. ಅಪ್ಪ ನ್ಯಾಯವಂತರು, ಕೇಳದೆ ತೀರ್ಪು ಕೊಡುವವರಲ್ಲ. ಸೈಕಲ್ಲಿಗೆ ದಾರವನ್ನು ಹಿಡಿಸಿ ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಸುಧಾ, ಅಳದಾಗ ದಾರ ನಿನಗ ಸರಿಯಾಗಿ ಹತ್ತಿತ್ತೇನು?”

“ಹೂಂ.”

“ಆಮ್ಯಾಲೆ ಯಾರೂ ಗಂಟು ಗಿಂಟು ಬಿಚ್ಚಿಲ್ಲಲ್ಲ?”

“ಇಲ್ಲಪ್ಪಾ.”

ಎರಡೂ ಉತ್ತರಗಳು ಅಕ್ಷರಶಃ ನಿಜ. ಅಳೆದಾಗ ದಾರ ಸರಿಯಾಗಿತ್ತು. ಗಂಟನ್ನು ಯಾರೂ ಬಿಚ್ಚಿರಲಿಲ್ಲ. ನಿಜವಾದ ಎರಡು ಮಾತುಗಳನ್ನು ಜೋಡಿಸಿ ಒಂದು ಸುಳ್ಳನ್ನು ಕಟ್ಟುವ ವಿದ್ಯೆ ನನಗೆ ಆ ವಯಸ್ಸಿಗೇ ಬಂದಿತ್ತು, ಅದನ್ನು ಕೊಟ್ಟದ್ದು ನಾನು ಓದಿದ ಶಾಸ್ತ್ರವೇ. ನನ್ನ ಮಾತಿದ್ದ ಮೇಲೆ ಮತ್ತೊಮ್ಮೆ ಅಳೆಸಿ ನೋಡುವುದು ಅಪ್ಪನಿಗೆ ಬೇಕೆನಿಸಲಿಲ್ಲ, ತರ್ಕ ಮಾಡಿದರು. ಮಗಳ ಮಾತು ಖರೆ, ಸೈಕಲ್ಲು ದಾರಕ್ಕೆ ಸರಿಯಾಗಿದೆ, ಆದರೂ ಮಗಳು ಬೀಳುತ್ತಾಳೆ. ಅಂದ ಮೇಲೆ ಅಳೆಯುವ ರೀತಿಯಲ್ಲೇ ದೋಷ. ಅವರು ದನಿ ಏರಿಸಲಿಲ್ಲ, ಬೈಯಲೂ ಇಲ್ಲ. ಒಂದೇ ವಾಕ್ಯ ಹೇಳಿದರು.

“ಮೌನೇಶಪ್ಪ, ನಿಮ್ಮ ಕೆಲಸ ಪಕ್ಕಾ ಅದ, ಅಳತಿ ಕಚ್ಚಾ ಅದ.”

ಮೌನೇಶಪ್ಪನವರು ದಾರವನ್ನು ಕೈಯಲ್ಲಿ ಎಳೆದು ನೋಡಿದರು, ಹೆಬ್ಬೆರಳಿನಿಂದ ತಿಕ್ಕಿದರು, ಮೂಗಿನ ಬಳಿಗೆ ಒಯ್ದರು. ಅದಕ್ಕೆ ನಮ್ಮ ಹಂಡೆಯ ಹೊಗೆಯ ವಾಸನೆ ಇದ್ದಿರಬೇಕು. ತೆರೆದ ಬಾಗಿಲಿನಿಂದ ಒಳಗೆ, ಒದ್ದೆ ಸೀರೆ ತೂಗುತ್ತಿದ್ದ ಗಳದವರೆಗೆ ಅವರ ದೃಷ್ಟಿ ಹೋಗಿ ಬಂತು. ಬಾಗಿಲ ಮರೆಯಲ್ಲಿ ಅವ್ವ ಬೆವರುತ್ತ ನಿಂತಿದ್ದಳು. ಅವಳಿಗೆ ದಾರ ಕುಗ್ಗಿದ್ದು ತಿಳಿಯದು, ಅದ್ದಿಸಿದ್ದು ತಿಳಿದರೆ ಅಪ್ಪ ಅಜ್ಜಿಗೆ ಏನೆಂದಾರು ಎಂಬ ಅಂಜಿಕೆ ಮಾತ್ರ. ಕೊನೆಗೆ ಅವರು ನನ್ನನ್ನು ನೋಡಿದರು. ನಾನು ನನ್ನ ಕಾಲುಗಳನ್ನು ನೋಡಿಕೊಂಡೆ.

“ಅಳತಿ ನಂದಽ ರಿ, ತಪ್ಪೂ ನಂದಽ,” ಎಂದರು. “ಇದನ್ನ ಒಯ್ತೇನಿ. ಬ್ಯಾರೆ ಮಾಡಿಕೊಡ್ತೇನಿ.”

ಕಿಸೆಯಿಂದ ಸಣ್ಣ ಉಳಿಯೊಂದನ್ನು ತೆಗೆದು, ಆ ಹಿತ್ತಾಳೆಯ ತಗಡನ್ನು ಎಬ್ಬಿಸಿ ಕಿಸೆಗೆ ಹಾಕಿಕೊಂಡರು. ನಮ್ಮ ಕಟ್ಟೆಯ ಮುಂದೆಯೇ.

ವಾರ ಕಳೆದು ಮತ್ತೆ ಅಳತೆಗೆ ಬಂದಾಗ ಅವರ ಕೈಯಲ್ಲಿದ್ದುದು ಹಳದಿ ರೇಷ್ಮೆಯ ದಾರ. ಕಟ್ಟೆಯ ಕೆಳಗೆ ನಿಂತು ಒಳಗಿದ್ದ ಅಜ್ಜಿಗೆ ಕೇಳುವಂತೆ ಹೇಳಿದರು.

“ರೇಶಿಮಿ ತಂದೇನಿ ಅವ್ವಾರ. ಇದಕ್ಕ ಮೈಲಿಗಿ ಇಲ್ಲ. ಎಲ್ಲಿ ಇಟ್ಟರೂ ನಡೀತೈತಿ.”

ಅಜ್ಜಿಗೆ ಪರಮ ಸಂತೋಷ. ಕಮ್ಮಾರನಾದರೂ ಶಾಸ್ತ್ರ ಬಲ್ಲವನು ಎಂದು ಸಂಜೆಯವರೆಗೆ ಹೊಗಳಿದಳು. ಅಪ್ಪ ಅದನ್ನು ಸೌಜನ್ಯವೆಂದುಕೊಂಡರು. ಅದರ ಅರ್ಥ ತಿಳಿದವಳು ಆ ಮನೆಯಲ್ಲಿ ನಾನೊಬ್ಬಳೇ. ಅವರಿಗೆ ಎಲ್ಲವೂ ಗೊತ್ತಾಗಿತ್ತು. ಗೊತ್ತಾದದ್ದನ್ನು ಹೇಳಿ ತಮ್ಮ ಹೆಸರನ್ನು ಉಳಿಸಿಕೊಳ್ಳುವ ಬದಲು, ಹೇಳದೆಯೇ ನಮ್ಮ ಮನೆಯ ಮಾನವನ್ನು ಉಳಿಸುವ ದಾರವನ್ನು ಹುಡುಕಿ ತಂದಿದ್ದರು. ಅವ್ವ ನನ್ನನ್ನು ಈ ಸಲ ನಡುಮನೆಯ ಕದ ಮುಚ್ಚಿ ಅಳೆದಳು. ಅಷ್ಟೇ ಸಾಕಿತ್ತು ಎಂಬುದು ಮೊದಲ ಸಲ ನಮಗಾರಿಗೂ ಹೊಳೆದಿರಲಿಲ್ಲ.

ಎರಡನೆಯ ಸೈಕಲ್ಲು ನನ್ನ ಮೈಯ ಒಂದು ಅಂಗವೇ ಆಯಿತು. ಅದರ ಮೇಲೆ ಕುಳಿತಾಗ ನನ್ನ ಎರಡು ಕಾಲುಗಳೂ ಒಂದೇ ಎತ್ತರದವು. ಕಾಲೇಜಿಗೆ, ಆಮೇಲೆ ಪಾಠ ಹೇಳುವ ಕೆಲಸಕ್ಕೆ, ಗುರುವಾರ ಮಠಕ್ಕೆ, ಎಲ್ಲಕ್ಕೂ ಅದೇ. ಅದರ ಮೇಲೆ ಹೆಸರಿನ ತಗಡು ಇರಲಿಲ್ಲ.

ಅಪ್ಪನ ಮಾತೇನೋ ಮೆತ್ತಗಿನದು. ಆದರೆ ಮಾಳಮಡ್ಡಿಯಲ್ಲಿ ಅವರ ಮಾತಿಗಿದ್ದ ತೂಕ ಮೆತ್ತಗಿನದಲ್ಲ. ಅವರ ಶಾಲೆಯ ಚಿತ್ರಕಲೆಯ ಮಾಸ್ತರರು ಆರಡಿ ದಾಟಿದವರು, ತಮಗೊಂದು ಎತ್ತರದ ಚೌಕಟ್ಟು ಕಟ್ಟಿಸಲು ದಾರವನ್ನೂ ಕೊಟ್ಟಿದ್ದರು. ಹೋಗಿ ಬೇಡವೆಂದು ಹೇಳಿ ಬಂದರು. ಸೈಕಲ್ಲು ಕಟ್ಟಿಸಬೇಕೆಂದಿದ್ದ ಇನ್ನಿಬ್ಬರು ಕೇಳಲೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅಪ್ಪನಿಗೆ ಆ ಪ್ರಸಂಗ ಒಳ್ಳೆಯ ಉದಾಹರಣೆಯಾಗಿ ಕಂಡಿತು. ಪ್ರಮಾಣ ದುಷ್ಟವಾದರೆ ಕಾರ್ಯ ಎಷ್ಟು ನಿರ್ದುಷ್ಟವಾಗಿದ್ದರೂ ಫಲ ಕೆಡುತ್ತದೆ ಎಂದು ತರಗತಿಯಲ್ಲಿ ವಿವರಿಸುವಾಗ ‘ಮೌನೇಶಪ್ಪನ ಕಚ್ಚಾ ಅಳತಿ’ ಎನ್ನುತ್ತಿದ್ದರು. ಹುಡುಗರಿಗೆ ಸೂತ್ರ ಮರೆಯಿತು, ಆ ಮಾತು ನೆನಪುಳಿಯಿತು. ಅವರು ಅದನ್ನು ಕಚೇರಿಗಳಿಗೂ ಸಂಗೀತದ ಬೈಠಕ್ಕುಗಳಿಗೂ ಒಯ್ದರು. ಹೊಲಿಗೆ ಬಿಗಿಯಾದ ಅಂಗಿ, ಶ್ರುತಿ ತಪ್ಪಿದ ತಂಬೂರಿ, ಹೊಂದದ ಜಾತಕ, ಎಲ್ಲವೂ ‘ಮೌನೇಶಪ್ಪನ ಅಳತಿ’ ಆಯಿತು. ಬಸಪ್ಪ ಮಾತ್ರ ಒಮ್ಮೆ ಹಾಲು ಸುರಿಯುತ್ತ, ಮುಗದದ ಎಮ್ಮೆಗಳಿಗೂ ಆ ಮನುಷ್ಯನ ಅಳತೆ ಗೊತ್ತು, ಧಾರವಾಡದ ಶಾಣ್ಯಾರಿಗೆ ಗೊತ್ತಿಲ್ಲ ಎಂದ. ಅಪ್ಪ ಅವನ ನಿಷ್ಠೆಯನ್ನು ಮೆಚ್ಚಿಕೊಂಡು ನಕ್ಕರು.

ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯಬೇಕು. ನಾನೂ ಸಂಸ್ಕೃತದ ಪಾಠ ಹೇಳುವವಳಾದೆ. ಪ್ರಮಾಣಗಳ ಪಾಠ ಬಂದಾಗ, ಮಕ್ಕಳು ತೂಕಡಿಸುತ್ತಿದ್ದಾಗ, ಆ ಉದಾಹರಣೆಯನ್ನು ನಾನೂ ಕೊಟ್ಟೆ. ಒಮ್ಮೆಯಲ್ಲ. ಆ ಮನುಷ್ಯನ ಸೈಕಲ್ಲನ್ನೇ ಹೊರಗೆ ಬೇವಿನ ಮರಕ್ಕೆ ಒರಗಿಸಿ ಬಂದು, ಅವರ ಹೆಸರಿನ ಮೇಲೆ ಮಕ್ಕಳನ್ನು ನಗಿಸಿದೆ. ಮೊದಲ ಸಲ ನಾಲಗೆ ತೊದಲಿತ್ತು. ಆಮೇಲೆ ತೊದಲಲಿಲ್ಲ. ನನ್ನ ನಾಚಿಕೆಗಳ ಸಾಲಿನಲ್ಲಿ ಮೊದಲನೆಯದು ಇದು. ಹದಿನಾರು ವರ್ಷದ ಹುಡುಗಿಯ ‘ಹೂಂ’ ಅಲ್ಲ.

ಅಜ್ಜಿ ಹೋದಳು, ಅವ್ವ ಹೋದಳು. ಅಪ್ಪ ಹೋಗುವವರೆಗೂ ನಾನು ಹೇಳಲಿಲ್ಲ. ಕೊನೆಯ ದಿನಗಳಲ್ಲಿ ಅವರು ಶಿಷ್ಯರ ಮುಂದೆ ನನ್ನ ಮಾತನ್ನು ಆಪ್ತವಾಕ್ಯವೆಂದು ಹೇಳುವಾಗ ಅವರ ಕಾಲೊತ್ತುತ್ತ ಕುಳಿತಿರುತ್ತಿದ್ದೆ.

ಎಪ್ಪತ್ತು ದಾಟಿದ ಮೇಲೆ ಎಡಗಾಲು ಪೂರ್ತಿ ಸೋತಿತು. ಮೂರು ಗಾಲಿಯ, ನನ್ನ ಮೈಗೆ ಹೊಂದುವ ಸೈಕಲ್ಲೊಂದನ್ನು ಕಟ್ಟಿಸಿದರೆ ಮಠಕ್ಕಾದರೂ ಹೋಗಿಬರಬಹುದೆಂದು ನನ್ನ ತಮ್ಮನ ಮಕ್ಕಳು ಹೇಳಿದರು. ತಾರಿಹಾಳದಲ್ಲಿ ಹೆಂಗಸೊಬ್ಬರು ಮೈಯ ಅಳತೆಗೆ ಸೈಕಲ್ಲು ಕಟ್ಟುತ್ತಾರೆ, ಪಂದ್ಯಕ್ಕೆ ಹೋಗುವವರು ದೂರದೂರಿನಿಂದ ಬಂದು ಒಯ್ಯುತ್ತಾರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದರು. ಅವರು ಯಾರ ಮಗಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಷ್ಟು ವರ್ಷ ಆ ಕಡೆ ಸುಳಿದಿರಲಿಲ್ಲ.

ಕಾಳಮ್ಮನಿಗೆ ಅರವತ್ತರ ಹತ್ತಿರದ ವಯಸ್ಸು. ತಂದೆಯದೇ ತೆಳ್ಳಗಿನ ಮೈ, ಅವರದೇ ವಿಭೂತಿ. ಒಳಗೆ ಕೊಳವೆಗಳನ್ನು ಬಿಗಿಹಿಡಿಯುವ ಎತ್ತರದ ಕಬ್ಬಿಣದ ಹಂದರ, ಅಳತೆಗೆ ನಿಲ್ಲಲು ಮರದ ಹಲಗೆ, ಎದುರಿಗೆ ಕಂಪ್ಯೂಟರು. ಗೋಡೆಯ ಮೇಲೆ ಮಾಲೆ ಹಾಕಿದ ಮೌನೇಶಪ್ಪನವರ ಚಿತ್ರವಿತ್ತು. ಆದರೆ ಹೊರಗಿನ ಬೋರ್ಡಿನ ಮೇಲಾಗಲಿ, ಸಾಲಾಗಿ ನಿಲ್ಲಿಸಿದ ಚೌಕಟ್ಟುಗಳ ಮೇಲಾಗಲಿ ಅವರ ಹೆಸರಿರಲಿಲ್ಲ. ಆಕೆ ನನ್ನ ಚಪ್ಪಲಿಯನ್ನು ತಾನೇ ಬಿಚ್ಚಿ, ಪಾದವನ್ನು ಅಂಗೈಯಲ್ಲಿ ಹಿಡಿದು ಹಲಗೆಯ ಮೇಲೆ ಇಟ್ಟಳು. ಯಾರೂ ಮುಟ್ಟದಂತೆ ಕಾದುಕೊಂಡ ಕಾಲು ಅದು. ಹೆಸರು ಯಾಕೆ ಹಾಕಿಲ್ಲವೆಂದು ಕೇಳಿದೆ. ತಂದೆಯೇ ಬೇಡವೆಂದಿದ್ದರಂತೆ, ಕೆಲಸ ಇರಲಿ, ಹೆಸರು ಬೇಡ, ಹೆಸರು ಕಂಡರೆ ಧಾರವಾಡದವರು ನಗುತ್ತಾರೆ ಎಂದಿದ್ದರಂತೆ.

ಆಗ ಹೇಳಿದೆ. ಹಲಗೆಯ ಮೇಲೆ ನಿಂತೇ ಎಲ್ಲವನ್ನೂ ಹೇಳಿದೆ: ಗಳ, ಹಂಡೆ, ದಾರ, ಎರಡು ಉತ್ತರಗಳು, ತರಗತಿಯ ನಗೆ. ಕಾಳಮ್ಮ ಅಳತೆ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಎದ್ದು ಕೈ ಒರೆಸಿಕೊಂಡಳು.

“ಅಳತಿ ತೊಳಿಯೋ ಮನಿ ಧಾರವಾಡ್ದಾಗ ಒಂದೈತಿ ಅಂತ ಅಪ್ಪ ನಗತಿದ್ದ. ಯಾರ ಮನಿ ಅಂತ ಸಾಯೂತನಕ ಹೇಳಲಿಲ್ಲ. ನಿಮ್ಮದೇನ್ರಿ ಅದು?”

ನನ್ನನ್ನು ಕ್ಷಮಿಸಬೇಕು ಎಂದೆ. ಆಕೆ ನನ್ನ ಚಪ್ಪಲಿಯನ್ನು ಹತ್ತಿರ ಸರಿಸಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು.

“ನನಗ ಯಾಕ ಹೇಳ್ತೀರಿ ಅಮ್ಮಾರ? ನಮ್ಮಪ್ಪನ ಅಳತಿ ನನಗ ಗೊತ್ತಿಲ್ಲೇನು? ಗೊತ್ತಿಲ್ಲದವರು ನಿಮ್ಮ ಓಣ್ಯಾಗ ಅದಾರ. ಅಲ್ಲಿ ಹೇಳ್ರಿ.”

ಅಪ್ಪನ ತಿಥಿಗೆ ಹದಿನೈದು ದಿನವಿತ್ತು. ನಮ್ಮ ಮನೆಯಲ್ಲಿ ಆ ದಿನ ಬಂಧುಗಳು, ಅಪ್ಪನ ಹಳೆಯ ಶಿಷ್ಯರು ಸೇರುತ್ತಾರೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಅವರ ಮಾತುಗಳನ್ನು ಒಬ್ಬೊಬ್ಬರಾಗಿ ನೆನೆಯುತ್ತಾರೆ. ಆ ಸಲವೂ ಒಬ್ಬ ಹಿರಿಯ ಶಿಷ್ಯರು ‘ಕಚ್ಚಾ ಅಳತಿ’ಯನ್ನು ಹೇಳಿದರು, ಎಲ್ಲರೂ ನಕ್ಕರು. ನಾನು ಗೋಡೆ ಹಿಡಿದು ಎದ್ದು ನಿಂತೆ. ತುಂಬಿದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದವಳು ಅಂದು ಹತ್ತೇ ವಾಕ್ಯಗಳಲ್ಲಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಪಡಸಾಲೆಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನನ್ನ ತಮ್ಮ ರಾಘು, ಅಂದು ಪಿಂಡ ಇಟ್ಟವನು, ಮುಖ ಕೆಂಪಾಗಿ ಕುಳಿತಿದ್ದ.

“ಅಕ್ಕಾ, ಇವತ್ತಽ ಹೇಳಬೇಕಾಗಿತ್ತೇನು? ಅಪ್ಪನ ತಿಥಿ ದಿವಸ, ಅಪ್ಪನ ಮಾತು ಸುಳ್ಳು ಮಾಡಿದಿಯಲ್ಲ.”

“ಅಪ್ಪ ಸುಳ್ಳು ಹೇಳಲಿಲ್ಲ ರಾಘು,” ಎಂದೆ. “ಅವರು ನನ್ನ ಮಾತು ನಂಬಿದ್ರು. ಸುಳ್ಳು ಹೇಳಿದಾಕಿ ನಾನು.”

ಅವನು ಎದ್ದು ಒಳಗೆ ಹೋದ. ಆ ಹಿರಿಯ ಶಿಷ್ಯರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತು, ಹೊರಡುವಾಗ ಮೌನೇಶಪ್ಪನವರ ಮನೆತನದವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ತಾರಿಹಾಳ ಎಂದೆ. ಅಷ್ಟೇ ಮಾತು. ರಾಘು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ, ಅವನದು ತಪ್ಪಲ್ಲ.

ಈ ಕಥೆಯಲ್ಲಿ ಪಾಲ್ಗೊಂಡವರೆಲ್ಲರಿಗೂ ಒಳಿತಾಗಲಿ. ತನಗೆ ಉಳಿದಿದ್ದ ಒಂದೇ ಅಧಿಕಾರವನ್ನು ಶುದ್ಧಿಯೆಂದು ನಂಬಿ ಬದುಕಿದ ಅಜ್ಜಿಗೆ ಸದ್ಗತಿ ದೊರೆಯಲಿ. ಬೈಗುಳವನ್ನು ನುಂಗಿ ಅನ್ನವನ್ನು ಬಡಿಸಿದ ಅವ್ವನಿಗೆ ಮುಂದಿನ ಜನ್ಮದಲ್ಲಿ ಮೊದಲ ಎಲೆ ಬೀಳಲಿ. ಮಗಳನ್ನು ನಂಬಿದ್ದಕ್ಕೆ ಅಪ್ಪನ ಪುಣ್ಯದಲ್ಲಿ ಒಂದು ಕಾಳೂ ಕಡಿಮೆಯಾಗದಿರಲಿ. ಮುಗದದ ಹಾಲಿನವರ ಹಟ್ಟಿ ತುಂಬಿರಲಿ, ಕಾಳಮ್ಮನ ಕಣ್ಣು ಬೆಂಕಿಗೆ ಮಂಜಾಗದಿರಲಿ, ರಾಘುವಿನ ಸಿಟ್ಟು ಅವನಿಗೆ ನೋವು ಮಾಡದೆ ಇಳಿಯಲಿ. ನನ್ನ ಪಾಠದಲ್ಲಿ ನಕ್ಕ ಮಕ್ಕಳು, ಈಗ ಅವರೂ ಮುದುಕರಾಗುತ್ತಿದ್ದಾರೆ, ನೂರು ಕಾಲ ಬಾಳಲಿ. ಮೌನೇಶಪ್ಪನವರನ್ನು ಹರಸುವಷ್ಟು ದೊಡ್ಡವಳು ನಾನಲ್ಲ. ಅವರು ಎಲ್ಲಿದ್ದಾರೋ ಅಲ್ಲಿಂದ ನಮ್ಮನ್ನು ಹರಸಲಿ.